ಬಯಲಲ್ಲಿ ಹಿಡಿದ ಕಂಬಳಿ

ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದು ಆಗುವ ಮಾತಲ್ಲ ಎಂದವನು ಅಪ್ಪನ ತಮ್ಮ, ನಮ್ಮ ಕಾಕಾ. ಸಿಟ್ಟಿನಿಂದ ಅಂದದ್ದಲ್ಲ. ಕುರಿಯ ಉಣ್ಣೆ ಕತ್ತರಿಸುತ್ತ ಕೂತಿದ್ದವನು, ಕತ್ತರಿಯ ಮೇಲಿನ ಕಣ್ಣು ತೆಗೆಯದೆ, ಇವತ್ತು ಮಳೆ ಬರುವುದಿಲ್ಲ ಅನ್ನುವಷ್ಟು ಸಲೀಸಾಗಿ ಅಂದಿದ್ದ.

"ನಿಮ್ಮಜ್ಜಗ ಎಣಸಾಕ ಬರತಿತ್ತು, ಅದೂ ಕುರಿ ಇದ್ದಷ್ಟ. ನನಗ ಅದರ ಮುಂದ ಗೊತ್ತಿಲ್ಲ. ಕುರಿ ಕಾಯವರ ಹುಡುಗ ಬಿ.ಎ. ಆಗೂದ ನಾ ಅಂತೂ ನೋಡೂದಿಲ್ಲ ಬಿಡ ತಮ್ಮಾ."

ನಾನು ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಆಮೇಲೆ ತೆಲಸಂಗದ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಕಾಕಾನ ಮಾತು. ಆಗುವುದಿಲ್ಲ ಎನ್ನುತ್ತಲೇ ಅವನು ನನ್ನನ್ನು ಅಥಣಿಯ ಕಾಲೇಜಿಗೆ ಕಳಿಸಿದ. ಅಲ್ಲೊಂದು ಖೋಲಿ ಹಿಡಿದು ಇದ್ದೆ. ವಾರಕ್ಕೊಮ್ಮೆ ಊರಿಗೆ ಬಂದು ರೊಟ್ಟಿ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಎರಡನೆಯ ವರ್ಷದ ಬಿ.ಎ.ಯಲ್ಲಿದ್ದಾಗ ಮದುವೆಯನ್ನೂ ಅವನೇ ಮುಂದೆ ನಿಂತು ಮಾಡಿದ. ಹುಡುಗಿ ನಿಪ್ಪಾಣಿ ಕಡೆಯವಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡಿ ಬೆಳೆದವಳು. ನಗು ಬಂದರೆ ತಡೆಯಲು ಬಾರದವಳು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕೊನೆಯ ವರ್ಷಕ್ಕೆ ಬಂದಿದ್ದ ಆ ಮಳೆಗಾಲದ ಕೊನೆಗೆ, ಅವಳ ಹೊಟ್ಟೆ ಕೆಟ್ಟಿತು. ಕೆಟ್ಟದ್ದು ಸರಿಹೋಗಲಿಲ್ಲ.

ನಮ್ಮ ಓಣಿಯಲ್ಲಿ ಆಗ ಯಾರ ಮನೆಗೂ ಪಾಯಖಾನೆ ಇರಲಿಲ್ಲ. ಹೆಂಗಸರು ನಸುಕಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ನಾಲ್ಕೈದು ಜನ ಕೂಡಿ ತಂಬಿಗೆ ಹಿಡಿದು ಬಯಲಕಡೆ ಹೋಗುತ್ತಿದ್ದರು. ನಡುವಿನ ಹೊತ್ತು ಗಂಡಸರದು. ಹಗಲು ಹೊತ್ತಿನಲ್ಲಿ ಸೊಸೆಯೊಬ್ಬಳು ತಂಬಿಗೆ ಹಿಡಿದು ಓಣಿ ದಾಟಿದರೆ ಅದು ಸಂಜೆಯ ಮಾತಾಗುತ್ತಿತ್ತು. ಆದರೆ ಅವಳ ರೋಗಕ್ಕೆ ಹೊತ್ತು ಗೊತ್ತಿನ ಹಂಗಿರಲಿಲ್ಲ. ಅಡಿಗೆ ಮಾಡುವಾಗ, ಉಣ್ಣುವಾಗ, ನೀರು ಸೇದುವಾಗ, ಯಾವಾಗೆಂದರೆ ಆವಾಗ ಅದು ಅವಳನ್ನು ಎಬ್ಬಿಸುತ್ತಿತ್ತು. ಆಗಿನ್ನೂ ಹೊಲದಲ್ಲಿ ಜೋಳ ಆಳೆತ್ತರ ನಿಂತಿತ್ತು. ಮೇವು ತರುವ ನೆಪ ಹೇಳಿ ಅದರೊಳಗೆ ಹೋಗಿ ಬರುತ್ತಿದ್ದಳಂತೆ. ನನಗೂ ಹೇಳಿರಲಿಲ್ಲ. ಒಂದು ಶನಿವಾರ ಊರಿಗೆ ಬಂದಾಗ ಅವಳ ಕೈಯ ಬಳೆ ಮೊಳಕೈವರೆಗೆ ಜಾರುವುದನ್ನು ನೋಡಿ ಕೇಳಿದೆ.

"ಏನಾಗೇತಿ ನಿನಗ?"

"ಏನಿಲ್ರಿ."

"ಏನಿಲ್ಲಂದ್ರ ಬಳಿ ಯಾಕ ಹಿಂಗ ಓಡ್ಯಾಡತಾವು?"

ಅವಳು ಬಾಗಿಲ ಕಡೆ ನೋಡಿ, ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, "ರಗತ ಹೊಂಟೇತ್ರಿ" ಎಂದಳು. ಅಷ್ಟು ಹೇಳಿ, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

ಊರಿನ ಡಾಕ್ಟರು ಮೊದಲು ಆಮಶಂಕೆ ಎಂದರು, ಆಮೇಲೆ ಮೂಲವ್ಯಾಧಿ ಎಂದರು. ಅವ್ವ ಕೊಕಟನೂರ ಎಲ್ಲಮ್ಮನಿಗೆ ಹರಕೆ ಹೊತ್ತಳು. ಕಾಕಾ ಮಾತ್ರ ಯಾರನ್ನೂ ಕೇಳಲಿಲ್ಲ. ಅವನಿಗೆ ಈ ರೋಗ ಗೊತ್ತಿತ್ತು, ಕುರಿಗಳಲ್ಲಿ. ರಕ್ತ ಬೀಳುವ ಕುರಿಯನ್ನು ಅವನು ಮೊದಲು ಹಿಂಡಿನಿಂದ ಬೇರೆ ಮಾಡುತ್ತಿದ್ದ. ನೀರು, ಹಸಿ ಮೇವು ಎರಡನ್ನೂ ನಿಲ್ಲಿಸಿ, ದಾಳಿಂಬೆ ಸಿಪ್ಪೆ ಕುದಿಸಿದ ಕಷಾಯ ಹೊಯ್ಯುತ್ತಿದ್ದ. ಬರುವ ಸಂತೆಯ ತನಕ ಕಾಯುತ್ತಿದ್ದ. ಚೇತರಿಸಿಕೊಂಡರೆ ಹಿಂಡಿಗೆ, ಇಲ್ಲದಿದ್ದರೆ ಸಂತೆಗೆ. ಎಷ್ಟೋ ಕುರಿ ಅವನ ಕೈಯಲ್ಲಿ ಬದುಕಿದ್ದವು. ಅದಕ್ಕೇ ಅವನಿಗೆ ಅನುಮಾನವೇ ಇರಲಿಲ್ಲ.

ಮುಂದಿನ ಶನಿವಾರ ಬಂದರೆ ಅವಳು ಮನೆಯೊಳಗಿರಲಿಲ್ಲ. ಹಿತ್ತಲಲ್ಲಿ ಕುರಿಮರಿಗಳನ್ನು ಕೂಡಿಹಾಕುವ ತಟ್ಟಿಯ ಕೋಣೆಯಿತ್ತು. ಅಲ್ಲಿ ಚಾಪೆಯ ಮೇಲೆ ಮಲಗಿದ್ದಳು. ತುಟಿ ಬಿರಿದಿತ್ತು. ನಾಲಿಗೆ ಹೊರಳುತ್ತಿರಲಿಲ್ಲ. ಪಕ್ಕದಲ್ಲಿ ಅವಳಿಗೆಂದೇ ಬೇರೆ ಇಟ್ಟ ತಾಟು, ವಾಟಿ. ನಾನು ನೀರು ಕುಡಿಸಹೋದರೆ ಅವ್ವ ಅಳುತ್ತ ಕೈ ಹಿಡಿದಳು.

"ಬ್ಯಾಡಪಾ, ನಿಮ್ಮ ಕಾಕಾ ಹನಿ ನೀರ ಮುಟ್ಟಸಬ್ಯಾಡ್ರಿ ಅಂದಾನ. ನೀರ ನಿಂತ್ರ ಹೊಟ್ಟಿ ನಿಲ್ಲತೈತಂತ."

"ಕಾಕಾ, ಇಕಿ ಕುರಿ ಅಲ್ಲೋ!" ಎಂದು ಕೂಗಿದೆ. ಅದೇ ಮೊದಲು ನಾನು ಅವನ ಮೇಲೆ ದನಿ ಎತ್ತಿದ್ದು.

ಅವನು ಬಾಗಿಲಲ್ಲಿ ನಿಂತಿದ್ದ. "ಕರಳ ಎಲ್ಲಾರದೂ ಒಂದ" ಎಂದ. ಆದರೆ ನಾನು ನೀರು ಕುಡಿಸುವಾಗ ತಡೆಯಲಿಲ್ಲ. ಮರುದಿನ ಮಿರಜದ ದೊಡ್ಡ ದವಾಖಾನೆಗೆ ಕರೆದೊಯ್ಯುತ್ತೇನೆ ಎಂದಾಗಲೂ ಬೇಡ ಎನ್ನಲಿಲ್ಲ.

ಬಸ್ಸು ಅಥಣಿ ದಾಟಿ ಕಾಗವಾಡ ಸಮೀಪಿಸುವಾಗ ಅವಳು ನನ್ನ ಅಂಗಿಯ ತೋಳು ಎಳೆದಳು. ಮುಖ ಬೂದಿಯಾಗಿತ್ತು. ಕಂಡಕ್ಟರಿಗೆ ನಿಲ್ಲಿಸು ಎಂದೆ.

"ಸ್ಟಾಪ್ ಇಲ್ರೀ ಇಲ್ಲೆ. ಮನ್ಯಾಗ ಎಲ್ಲಾ ಮುಗಿಸಿ ಬರಬೇಕಿಲ್ಲೋ?"

ಹಿಂದಿನ ಸೀಟಿನ ಮುದುಕಿಯೊಬ್ಬಳು ಅವನ ಮೇಲೇ ತಿರುಗಿಬಿದ್ದಳು. "ನಿಲ್ಲಸೋ ಮೂಳಾ! ನಿನ್ನ ಗಾಡಿ ಏನ ವಿಮಾನಲ್ಲ. ಹೆಣ್ಮಗಳ ಮಾರಿ ನೋಡಬಾರದ?"

ಬಸ್ಸು ನಿಂತಿತು. ಎರಡೂ ಕಡೆ ಕಬ್ಬು. ಅವಳು ಅದರೊಳಗೆ ಮಾಯವಾದಳು. ನಾನು ದಂಡೆಯಲ್ಲಿ ನಿಂತು, ಈ ಊರಿನವರೆಷ್ಟು ಪುಣ್ಯವಂತರು, ವರ್ಷದ ಹೆಚ್ಚು ಕಾಲ ಮರೆ ಇರುತ್ತದೆ ಎಂದುಕೊಂಡೆ. ಅಂದಿನಿಂದ ನನಗೆ ಊರುಗಳೆಂದರೆ ಎರಡೇ ಬಗೆ: ಮರೆ ಇದ್ದ ಊರು, ಮರೆ ಇಲ್ಲದ ಊರು. ನಮ್ಮದು ಒಣಬೇಸಾಯದ ಊರು.

ಮಿರಜದ ಡಾಕ್ಟರು ಮರಾಠಿಯಲ್ಲಿ ಕೇಳಿದರು. ಅವಳೂ ಮರಾಠಿಯಲ್ಲೇ ಹೇಳತೊಡಗಿದಳು. ನನಗೆ ಪೂರ್ತಿ ತಿಳಿಯದಿದ್ದರೂ ಅಷ್ಟಿಷ್ಟು ತಿಳಿಯುತ್ತಿತ್ತು. ಎಷ್ಟು ಸಲ ಹೋಗುತ್ತಾಳೆ, ಹೇಗೆ ಹೋಗುತ್ತದೆ, ಎಷ್ಟು ಸೀರೆ ಕದ್ದುಮುಚ್ಚಿ ತೊಳೆದಿದ್ದಾಳೆ. ನಮ್ಮ ಮನೆಯಲ್ಲಿ ಕನ್ನಡದಲ್ಲಿ ಬಾಯಿ ಬಿಡದಿದ್ದ ಎಲ್ಲವನ್ನೂ ಅವಳು ಆ ಪರ ಊರಿನಲ್ಲಿ, ತವರಿನ ಓಣಿಯ ಮಾತಿನಲ್ಲಿ, ನಾಚಿಕೆಯಿಲ್ಲದೆ ಹೇಳಿದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಬಿಳಿಯ ಔಷಧ ಏರಿಸಿ ಹೊಟ್ಟೆಯ ಫೋಟೊ ತೆಗೆದರು. ನಳಿಗೆ ಹಾಕಿ ನೋಡಿದರು. ಕರುಳಿನ ಚೂರು ಚಿವುಟಿ ಪರೀಕ್ಷೆಗೆ ಕಳಿಸಿದರು. ಕ್ಷಯ ಇರಬಹುದು, ಗಡ್ಡೆ ಇರಬಹುದು, ಬೇರೇನೋ ಇರಬಹುದು, ಈಗಲೇ ಹೇಳಲು ಬರುವುದಿಲ್ಲ ಎಂದರು. ಒಮ್ಮೆ ಹೋದಾಗ ರಿಪೋರ್ಟು ಬಂದಿರಲಿಲ್ಲ. ಇನ್ನೊಮ್ಮೆ ಹೋದಾಗ ಸ್ಪಷ್ಟವಿಲ್ಲ, ಮತ್ತೆ ಚಿವುಟಬೇಕು ಎಂದರು. ಕಾಯುವುದೇ ಒಂದು ಕೆಲಸವಾಯಿತು. ದವಾಖಾನೆಯ ಓಣಿಯಂಥ ವರಾಂಡದಲ್ಲಿ ಕೂತು ನಾನು ಕೊನೆಯ ವರ್ಷದ ಇತಿಹಾಸ ಓದಿದೆ. ಯಾವ ರಾಜ ಯಾವ ಯುದ್ಧದಲ್ಲಿ ಸೋತ ಎಂಬುದು ಬಾಯಿಪಾಠವಾಗಿತ್ತು. ಹೆಂಡತಿಗೆ ಏನಾಗಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಊರಿನಲ್ಲಿ ಕ್ಷಯ ಎಂಬ ಮಾತು ನಮಗಿಂತ ಮೊದಲೇ ಬಂದು ಕೂತಿತ್ತು. ಅವಳ ತಾಟು ಮನೆಯೊಳಗೆ ಬರಲೇ ಇಲ್ಲ.

ಅಷ್ಟರಲ್ಲಿ ಸುಗ್ಗಿ ಮುಗಿಯಿತು. ಜೋಳ ಕಿತ್ತು, ಅದರ ಒಣದಂಟು ಕಣಕಿಯನ್ನೂ ಸಾಗಿಸಿದ ಮೇಲೆ ಮನೆಯ ಹಿಂದಿನಿಂದ ಆಕಾಶ ನೆಲ ಮುಟ್ಟುವ ತನಕ ಕರಿ ಎರೆಹೊಲ ಬೆತ್ತಲೆ ಬಿದ್ದುಕೊಂಡಿತು. ಮೊಲ ಓಡಿದರೂ ಊರಿಗೆ ಕಾಣುವಂತಿತ್ತು. ಅವಳು ಉಣ್ಣುವುದನ್ನೇ ಬಿಟ್ಟಳು. ಉಣ್ಣದಿದ್ದರೆ ಹೋಗುವುದೂ ತಪ್ಪುತ್ತದೆಂಬ ಲೆಕ್ಕ. ಆದರೆ ಬರೀ ರಕ್ತ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಹೊಟ್ಟೆ ಹಿಡಿದು ತಟ್ಟಿಯಲ್ಲಿ ಮುದುಡಿದ್ದಳು. ಕತ್ತಲಾಗಲು ಇನ್ನೂ ಎಷ್ಟೋ ಹೊತ್ತಿತ್ತು. ನಾನು ಒಳಗೆ ಹೋಗಿ ಗೂಟಕ್ಕಿದ್ದ ಕರಿ ಕಂಬಳಿ ತೆಗೆದುಕೊಂಡೆ. ಒಂದು ಕೈಯಲ್ಲಿ ತಂಬಿಗೆ ಹಿಡಿದೆ. "ನಡಿ" ಎಂದೆ.

ಹೊಲದ ನಡುವೆ ಅವಳಿಗೂ ಊರಿಗೂ ಮಧ್ಯೆ, ಅವಳಿಗೆ ಬೆನ್ನು ಮಾಡಿ, ಎರಡೂ ಕೈ ಚಾಚಿ ಕಂಬಳಿ ಹಿಡಿದು ನಿಂತೆ.

"ಯಾರರ ನೋಡಿದ್ರ ಏನ ಮಾಡೂದ್ರಿ?"

"ನೋಡಿದ್ರ ಕಂಬಳಿ ನೋಡ್ತಾರ. ನಿನ್ನ ನೋಡೂದಿಲ್ಲ."

"ನೀವೂ ಇತ್ತಾಗ ನೋಡಬ್ಯಾಡ್ರಿ ಮತ್ತ."

"ನನಗೇನ ಬೆನ್ನಾಗ ಕಣ್ಣದಾವೇನ?"

ಬಹಳ ದಿನಗಳ ಮೇಲೆ ಅವಳು ನಕ್ಕದ್ದು ಕೇಳಿಸಿತು. ನಗು ನಡುವೆಯೇ ನೋವಾಗಿ ಮುರಿಯಿತು. ಕೈ ಸೋತು ಇಳಿಯುತ್ತಿತ್ತು. ಉಣ್ಣೆಯ ಕಂಬಳಿ, ಭಾರ. ನಾನು ಇಳಿಸಲಿಲ್ಲ.

ಆಮೇಲೆ ಊರಲ್ಲಿದ್ದಾಗಲೆಲ್ಲ ಅದೇ ನನ್ನ ಕೆಲಸವಾಯಿತು. ನಾನಿಲ್ಲದಾಗ ಅವ್ವ ಹಿಡಿಯುತ್ತಿದ್ದಳು, ಕಾಕಾನ ಕಣ್ಣು ತಪ್ಪಿಸಿ. ಕಟ್ಟೆಯ ಮೇಲೆ ಕೂತವರಿಗೆ ಮೋಜು.

"ಏನ್ ಸಾಹೇಬ್ರ, ಬಿ.ಎ. ಓದಿದ್ದು ಹೇಂತಿ ತಂಬಗಿ ಹಿಡ್ಯಾಕೇನ್ರಿ?"

"ಹೌದೋ. ಪಾಸಾದಮ್ಯಾಲ ನಿನ್ನ ತಂಬಗೀನೂ ಹಿಡೀತೇನಿ, ಸರತಿ ಹಚ್ಚ ಬಾ."

ಬಾಯಿಗೆ ಬಾಯಿ ಕೊಟ್ಟು ಬರುತ್ತಿದ್ದೆ. ಮನೆಗೆ ಬಂದ ಮೇಲೆ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಕಾಕಾನಿಗೆ ಒಂದು ದಿನ ಕಂಡೇ ಬಿಟ್ಟಿತು. ತಂಬಿಗೆಗೆ ಅವನು ಏನೂ ಅನ್ನಲಿಲ್ಲ. ಅವನ ಕಣ್ಣು ನೆಟ್ಟದ್ದು ಕಂಬಳಿಯ ಮೇಲೆ. ನಮ್ಮವರಿಗೆ ಕಂಬಳಿ ಹೊದೆಯುವ ವಸ್ತು ಮಾತ್ರವಲ್ಲ. ದೇವರ ಗದ್ದುಗೆ ಹಾಸುವುದು ಅದರ ಮೇಲೆ, ಮದುವೆಯ ಅಕ್ಕಿ ಬೀಳುವುದು ಅದರ ಮೇಲೆ. ಅದರಲ್ಲೂ ಇದು ನನ್ನ ಅಪ್ಪನ ಕಂಬಳಿ. ಪ್ರತಿ ದಸರೆಗೆ ನಮ್ಮ ಮನೆಯ ಗದ್ದುಗೆಯಾಗುತ್ತಿದ್ದದ್ದು ಇದೇ.

"ನಮ್ಮಣ್ಣ ಹೊತ್ತ ಕಂಬಳಿ ಅದು. ದೇವರ ಕುಂಡ್ರೂ ಜಾಗಾ. ಅದನ್ನ ಒಯ್ದು..." ದನಿ ತಗ್ಗಿಸಿ ಅಂದ: "ಕಾರಹುಣ್ಣಿವಿ ತನಕ ನೋಡೂಣು. ನಿನ್ನ ಮಿರಜಿ ಡಾಕ್ಟರ್ ಏನರ ಹೇಳ್ಲಿ. ಆರಾಮ ಆಗೂದಿದ್ರ ಆತು. ಇಲ್ಲಂದ್ರ ಅಕೀನ್ನ ತವರಮನಿಗೆ ಬಿಟ್ಟ ಬಾ. ಅಲ್ಲೆ ಅವರವ್ವ ನೋಡಕೋತಾಳು."

ಅವಳು ತಟ್ಟಿಯೊಳಗೆ ಎಚ್ಚರವಾಗಿಯೇ ಇದ್ದಳು. ಹಿಂಡಿನಿಂದ ಬೇರೆ ಮಾಡಿದ ಕುರಿಯನ್ನು ಕಾಕಾ ಸಂತೆಯ ತನಕ ಕಾಯುವುದು ಅವಳಿಗೂ ಗೊತ್ತಿತ್ತು.

ಪರೀಕ್ಷೆ ಬರೆದೆ. ಎರಡು ಪೇಪರಿನ ನಡುವೆ ಮಿರಜಕ್ಕೆ ಹೋಗಿ ಬಂದೆ. ಕೊನೆಗೆ, ಮುಂಗಾರಿನ ಹೊತ್ತಿಗೆ ಕಾರಹುಣ್ಣಿಮೆ ಹತ್ತಿರವಾದಾಗ, ಡಾಕ್ಟರು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡರು. ಕ್ಷಯ ಅಲ್ಲ. ಗಡ್ಡೆಯೂ ಅಲ್ಲ. ದೊಡ್ಡ ಕರುಳಿನ ಒಳಮೈ ತುಂಬ ಹುಣ್ಣು.

"ಮಗ ಬರಂ ಹೋಣಾರ ಕಾ?" ಎಂದು ಕೇಳಿದಳು ಅವಳು. ಹಾಗಾದರೆ ಆರಾಮವಾಗುತ್ತದೆಯೇ ಎಂದು.

ಡಾಕ್ಟರು ಅವಳ ಮುಖ ನೋಡಿಯೇ ಹೇಳಿದರು. ಹೋಗುವುದಿಲ್ಲ. ಗುಳಿಗೆಯಿಂದ ಮಲಗುತ್ತದೆ, ಮತ್ತೆ ಏಳುತ್ತದೆ. ಇರುವ ತನಕ ಇರುತ್ತದೆ.

ಹೆಸರು ಗೊತ್ತಾದರೆ ಅರ್ಧ ಗೆದ್ದಂತೆ ಎಂದುಕೊಂಡಿದ್ದೆ. ಬಸ್ಸು ಹಿಡಿದು ಊರ ಕಡೆ ಹೊರಟೆವು. ಕಾಗವಾಡದ ಹತ್ತಿರ ಕಬ್ಬು ಕಡಿದಿದ್ದರು. ಅವಳು ಹೊರಗೆ ನೋಡುತ್ತಲೇ ಅಂದಳು: "ಮಾವಾರಿಗೆ ಸುಳ್ಳ ಹೇಳಬ್ಯಾಡ್ರಿ. ಕಳಸಿದ್ರ ಹೊಕ್ಕೇನಿ."

ಸುಳ್ಳು ಹೇಳಲಿಲ್ಲ. ಕಾಕಾ ಕೇಳಿಸಿಕೊಂಡು, "ಹುಣ್ಣಂದ್ರ ಮಾಯಬೇಕಲ್ಲೋ" ಎಂದ. "ಇದು ಮಾಯೂದಿಲ್ಲ ಕಾಕಾ" ಎಂದೆ. "ಅಕೀನ್ನ ಕಳಿಸಿದ್ರ ನಾನೂ ಹೊಕ್ಕೇನಿ." ಅವನು ಎದ್ದು ಕುರಿಗಳ ಕಡೆ ಹೋದ. ಹುಣ್ಣಿಮೆ ಬಂತು, ಹೋಯಿತು. ಅವನು ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವಳು ತಟ್ಟಿಯಲ್ಲೇ ಉಳಿದಳು. ಗುಳಿಗೆಯಿಂದ ರಕ್ತ ಕಡಿಮೆಯಾಯಿತು. ಮೈ ಮಾತ್ರ ತುಂಬಲಿಲ್ಲ. ಹೊರಗೆ ಕಾಕಾನ ಕೆಮ್ಮು ಕೇಳಿದರೆ ಸಾಕು, ಎದ್ದು ಕೂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು, ಈಗ ಹೇಳುತ್ತಾನೇನೋ ಎಂದು.

ನಾನು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಇದನ್ನು ಹೇಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ನಮ್ಮ ಮನೆತನದಲ್ಲಿ ನಾನೇ ಮೊದಲಿಗ. ಸರ್ಟಿಫಿಕೇಟು ಕೈಗೆ ಬಂದದ್ದು ದಸರೆಯ ಸಮಯಕ್ಕೆ. ಅಥಣಿಯಿಂದ ಅದನ್ನು ಎದೆಗವಚಿಕೊಂಡು ಬಂದೆ. ಅಂದು ಖಂಡೇಪೂಜೆ, ಆಯುಧಪೂಜೆಯ ದಿನ. ಜಗಲಿಯ ಮುಂದೆ ಉಣ್ಣೆಯ ಕತ್ತರಿ, ಕೊಡಲಿ, ಕುಡುಗೋಲು ತೊಳೆದಿಟ್ಟಿದ್ದರು. ಗದ್ದುಗೆ ಇನ್ನೂ ಹಾಸಿರಲಿಲ್ಲ. ಪೂಜೆ ಮುಗಿಸಿ ಕಾಕಾ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗುವವನಿದ್ದ. ಅವಳನ್ನು ತವರಿಗೆ ಕಳಿಸು ಎಂದು ಹೇಳುವುದಿದ್ದರೆ ಅವತ್ತೇ ಹೇಳಬೇಕು.

ಸರ್ಟಿಫಿಕೇಟನ್ನು ಅವನ ಕೈಗಿಟ್ಟೆ. ಅವನು ಧೋತರಕ್ಕೆ ಕೈ ಒರೆಸಿಕೊಂಡು ಹಿಡಿದ.

"ನಮ್ಮಣ್ಣನ ಹೆಸರ ಎಲ್ಲೈತಿ ಇದರಾಗ?"

ತೋರಿಸಿದೆ. ನನ್ನ ಹೆಸರಿನ ಜೊತೆಗೇ ಇತ್ತು. ಅವನು ಅಲ್ಲಿ ಹೆಬ್ಬೆರಳು ಇಟ್ಟು ಅಕ್ಷರಗಳ ಉದ್ದಕ್ಕೂ ಸರಿಸಿದ. ಆಮೇಲೆ ಅದನ್ನು ಕತ್ತರಿಯ ಪಕ್ಕ ಇಟ್ಟ.

"ಗದ್ದಿಗಿ ಹಾಸಬೇಕು, ಕಂಬಳಿ?" ಎಂದು ಅವ್ವ ಹೆದರುತ್ತ ಕೇಳಿದಳು.

ನಾವೆಲ್ಲ ತಿರುಗಿ ನೋಡಿದೆವು. ಅವಳು ತಟ್ಟಿಯಿಂದ ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಕಂಬಳಿಯನ್ನು ಒಗೆದು, ಒಣಗಿಸಿ, ಮಡಚಿ ಎರಡೂ ಕೈಯಲ್ಲಿ ಹಿಡಿದಿದ್ದಳು. ಹೊಸ್ತಿಲು ದಾಟಿರಲಿಲ್ಲ.

ಕಾಕಾ ಕಂಬಳಿ ನೋಡಿದ. ಅದನ್ನು ಹಿಡಿದಿದ್ದ ಅವಳ ಬಳೆ ನಿಲ್ಲದ ಕೈ ನೋಡಿದ. ತನ್ನ ಹೆಗಲ ಮೇಲಿನ ಕಂಬಳಿ ತೆಗೆದು ಅವ್ವನ ಕೈಗೆ ಕೊಟ್ಟ.

"ಇದನ್ನ ಹಾಸ್ರಿ. ಅದು ಅಕಿ ಕಡೇನ ಇರ್ಲಿ. ಸುಗ್ಗಿ ಆದಮ್ಯಾಲ ಮತ್ತ ಹೊಲ ಬಯಲಾಕ್ಕಾವು."