ಬರಿ ಹೊಟ್ಟೆಯ ಮಾತ್ರೆ

ದೇವರ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ ಮಗಳ ಫೋನು ಬಂತು. ಅವಳ ಅಪ್ಪನ ರಕ್ತದ ರಿಪೋರ್ಟು ಬಂದಿದೆಯಂತೆ. ಇಷ್ಟು ತಿಂಗಳು ಮಾತ್ರೆ ನುಂಗಿದರೂ ಲಿವರಿನ ವೈರಸ್ಸು ಇಳಿಯಬೇಕಾದಷ್ಟು ಇಳಿದಿಲ್ಲವಂತೆ. ಹೀಗೇ ಬಿಟ್ಟರೆ ಲಿವರ್ ಕಲ್ಲಾಗುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ನನಗೆ ಆ ಮಾತ್ರೆಯ ಮೇಲೆ ಮೊದಲಿನಿಂದಲೂ ಗುಮಾನಿ. ರಬಾಳೆಯ ಲ್ಯಾಬೊಂದರಲ್ಲಿ ಇಂಥ ರಸಾಯನಗಳನ್ನೇ ತಯಾರಿಸುವ ಮಗಳು ಹಿಂದೊಮ್ಮೆ ವಿವರಿಸಿದ್ದಳು. ವೈರಸ್ಸು ತನ್ನಂಥದ್ದೇ ಇನ್ನೊಂದನ್ನು ಮಾಡಿಕೊಳ್ಳಲು ನ್ಯೂಕ್ಲಿಯೊಸೈಡ್ ಎಂಬ ಮಣಿಗಳಿಂದ ಸರ ಪೋಣಿಸುತ್ತದೆ. ಲ್ಯಾಬಿನವರು ಒಂದು ಮಣಿಯನ್ನು ತುಸು ಬದಲಿಸಿ ಕೊಡುತ್ತಾರೆ. ವೈರಸ್ಸು ತನ್ನದೇ ಎಂದು ಅದನ್ನು ಪೋಣಿಸಿದರೆ ಸರ ಮುಂದಕ್ಕೆ ಹೋಗದು.

"ಅಂದರೆ ಮೋಸದ ಮಣಿ. ಅದು ನಮ್ಮ ಮೈಗೂ ಮೋಸ ಮಾಡಿದರೆ?" ಎಂದಿದ್ದೆ.

"ಅರೇ ಅಮ್ಮಾ, ಅದನ್ನು ನೋಡೋದಕ್ಕೇ ವರ್ಷಗಟ್ಟಲೆ ಟೆಸ್ಟ್ ಮಾಡ್ತಾರೆ. ಕ್ಯಾನ್ಸರ್ ಔಷಧಿ, ಲಸಿಕೆ ಎಲ್ಲದರಲ್ಲೂ ಇಂಥ ಮಣಿ ಇರ್ತದೆ. ಫುಕಟ್ ಟೆನ್ಶನ್ ಮಾಡ್ಬೇಡ!"

ಈಗ ಮೆಡಿಕಲ್ ಅಂಗಡಿಯವನ ಮೇಲೂ ಸಂಶಯ ಬಂತು. ಮಗಳು ಪೊಟ್ಟಣದ ಫೋಟೋ ತರಿಸಿಕೊಂಡು ನೋಡಿ, "ಮಾತ್ರೆ ಅಸಲಿ. ಅಪ್ಪ ಹೇಗೆ ತಗೋತಾರೆ ನೋಡು. ನುಂಗಿದ ಮೇಲೆ ಎರಡು ಗಂಟೆ ಏನೂ ತಿನ್ನಬಾರದು, ತಿಂದರೆ ಮೈಗೆ ಹತ್ತುವುದಿಲ್ಲ" ಎಂದಳು.

ಇವರು ಸ್ನಾನ, ಜಪ ಮುಗಿಸಿ ನನ್ನೆದುರೇ ಮಾತ್ರೆ ನುಂಗುವವರು. ಕಾಫಿಯನ್ನೂ ಕುಡಿಯದೆ ಹೋಟೆಲಿಗೆ ಹೊರಡುವವರು. ಆದರೂ ಮನಸ್ಸು ಒಪ್ಪಲಿಲ್ಲ. ಮರುದಿನ ಹೂವು ತರುವ ನೆಪದಲ್ಲಿ ಡೊಂಬಿವಲಿ ಸ್ಟೇಷನ್ ಹತ್ತಿರದ ನಮ್ಮ ಹೋಟೆಲಿಗೆ ಹಿಂದೆಯೇ ಹೋದೆ. ಅರ್ಧ ಎತ್ತಿದ ಶಟರಿನಡಿ ಬಗ್ಗಿ ಒಳಹೊಕ್ಕರೆ, ಅಡುಗೆಮನೆಯಲ್ಲಿ ಇವರು ಅಂಗೈಗೆ ಸಾಂಬಾರು, ಚಟ್ನಿ, ವಡೆಯ ತುಂಡು, ಆಮೇಲೆ ತುಪ್ಪ ಇಳಿಯುವ ಶೀರಾ ಹಾಕಿಕೊಂಡು ಬಾಯಿಗಿಡುತ್ತಿದ್ದರು.

"ಎಂತ ಇದು?"

"ರುಚಿ ನೋಡುದು ಮಾರಾಯ್ತಿ. ನೋಡದೆ ಗಿರಾಕಿಗೆ ಬಡಿಸುದಾ? ಇದೆಲ್ಲ ತಿಂದ ಹಾಗಾ?"

"ಏಕಾದಶಿ ದಿನ ಯಾರು ನೋಡುದು?"

"ಅಡುಗೆ ಭಟ್ಟರು."

"ನೀವು ಯಾಕಿಲ್ಲ?"

"ಉಪವಾಸ ಅಲ್ವಾ..." ಎಂದವರು ಬೆರಳು ಬಾಯಲ್ಲಿಟ್ಟೇ ನಿಂತರು.

"ದೇವರಿಗಾದರೆ ಅದು ತಿಂದ ಲೆಕ್ಕ, ಡಾಕ್ಟರಿಗಾದರೆ ಅಲ್ವಾ?"

ಹಂಡೆಯ ಹಿಂದಿನಿಂದ ಭಟ್ಟರು ನಕ್ಕರು. "ಇನ್ನು ದಿನಾ ನಾನೇ ನೋಡ್ತೇನೆ ಅಮ್ಮ. ಯಜಮಾನರಿಗೆ ಉಪ್ಪು ಜಾಸ್ತಿ ಬೇಕು, ಗಿರಾಕಿಗಳೂ ಬದುಕಿಕೊಳ್ತಾರೆ."

ವೈರಸ್ಸು ಆ ಮಾತ್ರೆಗೆ ಇನ್ನೂ ಪಳಗಿಲ್ಲ, ಅದನ್ನೇ ಸರಿಯಾಗಿ ಮುಂದುವರಿಸಿ ಎಂದು ಡಾಕ್ಟರು ಹೇಳಿದ್ದು ದೇವರ ದಯೆ. ಮುಂದಿನ ರಿಪೋರ್ಟು ಇನ್ನೂ ಬರಬೇಕು. ಮಾತ್ರೆಯ ಮೇಲಿನ ಗುಮಾನಿ ಕಡಿಮೆಯಾಗಿದೆ, ಇವರ ಮೇಲಿನದು ಕಡಿಮೆಯಾಗಿಲ್ಲ. ಇವತ್ತೂ ಬೆಳಿಗ್ಗೆ ಭಟ್ಟರಿಗೆ ಫೋನು ಹಚ್ಚಿದೆ. "ಮುಟ್ಟಿಲ್ಲ ಅಮ್ಮ, ದೂರ ನಿಂತು ವಾಸನೆ ನೋಡ್ತಿದ್ದಾರೆ" ಎಂದರು. ವಾಸನೆಗೆ ಅಡ್ಡಿಯಿಲ್ಲ ಎಂದುಕೊಂಡು, ಗ್ರಿಲ್ಲಿನಲ್ಲಿ ಒಣಗಿದ ಬಟ್ಟೆ ತೆಗೆಯಲು ಹೋದೆ.