ಸುಣ್ಣ ತಾಕಿದ ತೊಗಟೆ

ಶಹಾಬಾದಿನ ನಮ್ಮ ಓಣಿಯಲ್ಲಿ ಅನಸುಬಾಯಿಯ ಕಷಾಯ ಕುಡಿಯದ ಮನೆಯಿರಲಿಲ್ಲ. ಚಿಂಚೋಳಿ ಕಡೆಯ ಅಡವಿಯಿಂದ ಅವಳ ತಮ್ಮ ಎದೆಗೆ ಒಳ್ಳೆಯದೆನ್ನುವ ಹೊಳೆಮತ್ತಿ ಮರದ ತೊಗಟೆ ತಂದುಕೊಡುತ್ತಿದ್ದ. ಅದನ್ನು ಜಜ್ಜಿ ರಾತ್ರಿ ನೆನೆಹಾಕುವಾಗ ಎಲೆಯಡಿಕೆಯ ಸುಣ್ಣ ಒಂದು ಬೆರಳು ಬೆರೆಸುತ್ತಿದ್ದಳು. ಸುಣ್ಣ ತಾಕಿದರೆ ಬಾಯಿ ಕೆಂಪಾಗುತ್ತದಲ್ಲ, ತೊಗಟೆಯೂ ಹಾಗೆಯೇ. ಬೆಳಗ್ಗೆ ಕುದಿಸಿದರೆ ರಕ್ತದ ಬಣ್ಣ. ಕೆಂಪು ಹೆಚ್ಚಿದಷ್ಟೂ ಕಸುವು ಹೆಚ್ಚೆಂದು ಅವಳೂ ನಂಬಿದ್ದಳು, ನಾವೂ ನಂಬಿದ್ದೆವು.

ಗಂಡನ ಬಾಯಿಂದ ಅವಳಿಗೆ ಒಳ್ಳೆಯ ಮಾತು ಸಿಕ್ಕಿದ್ದು ಆ ಕಷಾಯ ಒಂದಕ್ಕೇ. ಅಂಬಾರಾಯ ಕಲ್ಲಿನ ಗಣಿಯಲ್ಲಿ ದುಡಿದವ. ರೊಟ್ಟಿ ಸೀದರೂ ಬೈಗುಳ, ಮಳೆ ಬಂದರೂ ಬೈಗುಳ. ಎದೆನೋವು ಬಂದಾಗ ಕಲಬುರಗಿಯ ಡಾಕ್ಟರು ಗುಳಿಗೆ ಕೊಟ್ಟರು. ಅವನು ಅವನ್ನು ನುಂಗದೆ ಗೋಡೆಯ ಮಾಡದಲ್ಲಿಟ್ಟು, ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಕೇಳುವಂತೆ, "ನಮ್ಮಕಿ ಕೈಯಾಗಿನ ನೀರ್ ಒಂದ್ ಸಾಕು ನನಗ," ಅನ್ನುತ್ತಿದ್ದ.

ಅದನ್ನು ಕೇಳಲು ಅವಳು ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಗುಳಿಗೆ ನುಂಗೆಂದು ಒಮ್ಮೆಯೂ ಹೇಳಲಿಲ್ಲ. "ಹೇಳಿದ್ರ ಆ ಮಾತ್ ನಿಂತ್ ಹೋಗ್ತದ ನೋಡವ್ವ," ಎಂದು ನನ್ನ ಮುಂದೆ ಅಂದಿದ್ದಳು.

ಮೊಮ್ಮಗಳು ಲುಂಬಿನಿ ಕಲಬುರಗಿಯಲ್ಲಿ ಎಂಎಸ್ಸಿ ಓದುತ್ತಿದ್ದಳು. ಪರೀಕ್ಷೆ ಮಾಡಿ ನೋಡುತ್ತೇನೆಂದು ಅಜ್ಜಿಯ ತೊಗಟೆ, ಸುಣ್ಣ ಎರಡನ್ನೂ ಒಯ್ದಳು. ತಿರುಗಿ ಬಂದಾಗ ಅಂಗಳದಲ್ಲಿ ನಾವೆಲ್ಲ ಲೋಟ ಹಿಡಿದು ಕುಳಿತಿದ್ದೆವು.

"ಆಯಿ, ನಿನ್ನ ತೊಗಟಿ ಭಾರೀ ಅದ! ಲ್ಯಾಬಿನ್ಯಾಗ ಒಂದ್ ನೇರಳೆ ನೀರ್ ಇರ್ತದ. ಇದರ ರಸ ಬಿದ್ದ ಕೂಡ್ಲೇ ಹಳದಿ ಆಯ್ತು. ಕಬ್ಬಿಣಕ್ಕ ತುಕ್ಕ ಹಿಡದಂಗ ಮೈ ಸವೀತದಲ್ಲ, ಅದನ್ನ ತಡಿಯೋ ಗುಣ ಇದರಾಗ ತುಂಬ್ಯದ."

ಅನಸುಬಾಯಿ ಗಂಡನ ಮುಖ ನೋಡಿ ನಕ್ಕಳು.

"ಆದ್ರ ಸುಣ್ಣ ಹಾಕಿದ ರಸ ಬಿಟ್ರ ಆ ನೀರ್ ನೇರಳೆ ಇದ್ದಂಗೇ ಉಳೀತು. ಸುಣ್ಣದಾಗ ನೆನದ್ರ ಆ ಗುಣ ಗಾಳಿಗಿ ಸತ್ತೇ ಹೋಗ್ತದ. ಕೆಂಪಾಗೋದು ಅದಕ್ಕೇ. ಸುಣ್ಣ ಬಿಟ್ಟಬಿಡು. ಮುತ್ಯಾ, ನೀ ಗುಳಿಗಿ ಮಾತ್ರ ಬಿಡಬ್ಯಾಡ, ಇದು ಅದರ ಬದ್ಲಿ ಅಲ್ಲ."

ಹುಡುಗಿ ಪ್ರೀತಿಯಿಂದಲೇ ಹೇಳಿದಳು. ಅಂಬಾರಾಯ ಲೋಟದ ಕಷಾಯವನ್ನು ಹೆಂಡತಿಯ ಪಾದಕ್ಕೆ ಚೆಲ್ಲಿದ.

"ಇಷ್ಟ್ ದಿನ ಸತ್ತ ನೀರ್ ಕುಡಿಸಿದೇನ ನನಗ?"

"ಬಿಡ್ರಿ ಅಣ್ಣಾ, ನಾವೂ ಕುಡದೀವಿ. ಸತ್ತೀವೇನು?" ಅಂದಳು ಪಕ್ಕದ ಮನೆಯ ಜೈತುನ್‌ಬೀ.

"ನಿಮ್ಮ ಎದಿ ಗಟ್ಟಿ ಅದ. ಇಕಿ ಕಣ್ಣಿಟ್ಟಿದ್ದು ನನ್ನ ಎದಿ ಮ್ಯಾಲ!"

ಕುಳಿತವರು ನಕ್ಕರು.

ಅಂದಿನಿಂದ ಅವನು ಗುಳಿಗೆ ನುಂಗತೊಡಗಿದ. ನೋವು ಇಳಿಯಿತು, ಕಾಲಿಗೆ ಬಲ ಬಂತು, ಗಂಟಲಿಗೂ ಬಂತು. ಇತ್ತ ಅನಸುಬಾಯಿ ಸುಣ್ಣವಿಲ್ಲದೆ ಕಷಾಯ ಕುದಿಸಿದಳು. ತೆಳ್ಳಗಿನ ಚಹಾದ ಬಣ್ಣ. "ಇದ್ಯಾಕ ಸಪ್ಪಗ ಅದ ಅನಸಕ್ಕಾ?" ಎಂದು ಜೈತುನ್‌ಬೀಯೂ ಲೋಟ ಕೆಳಗಿಟ್ಟಳು. ಆಮೇಲೆ ಯಾರೂ ಬರಲಿಲ್ಲ.

ಈಗ ದಿನಾ ಬೆಳಗ್ಗೆ ಅವನು ಕಟ್ಟೆಯ ಮೇಲೆ ಕುಳಿತು, ಅಂಗೈಯಲ್ಲಿ ಗುಳಿಗೆ ಹಿಡಿದು ಕೂಗುತ್ತಾನೆ.

"ಏ ಬಣ್ಣದ ನೀರಿನಕಿ, ನೀರ್ ತಾ. ಸುಣ್ಣ ಹಾಕಿಲ್ಲ ಹೌದಲ್ಲ? ಮೊದಲ್ ನೀ ಕುಡಿ."

ಅವಳು ಎಲ್ಲರೆದುರು ಒಂದು ಗುಟುಕು ಕುಡಿದು, ಬಾಯಿ ತೆರೆದು ತೋರಿಸಿ, ಆಮೇಲೆ ಚೆಂಬು ಕೊಡುತ್ತಾಳೆ. ಅದನ್ನು ನೋಡಲೆಂದೇ ನಾಲ್ಕು ಜನ ಬಂದು ಕೂರುತ್ತಾರೆ.

ಮೊನ್ನೆ ಅವನ ಆರೋಗ್ಯ ಕೇಳಿದೆ.

"ಛಲೋ ಆಗ್ಯಾನವ್ವ," ಅಂದಳು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. "ಇನ್ನ ಭಾಳ ವರ್ಷ ಇರ್ತಾನಂತ ಡಾಕ್ಟರ್ ಅಂದಾರ."