ಭಾಗ್ಯಮ್ಮ ಹೊಲಿದ ಗಟ್ಟಿ ಹಾಸಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಣಸೂರಿನ ಅಡ್ಡರಸ್ತೆಯೊಂದರ ತಗಡಿನ ಶೆಡ್ಡಿನಲ್ಲಿ ಭಾಗ್ಯಮ್ಮ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚುತ್ತಿದ್ದಾರೆ. ಒಳಗಿನ ಹತ್ತಿ ಎಷ್ಟೋ ವರ್ಷಗಳ ಬೆವರು ಕುಡಿದು ಗಂಟುಗಂಟಾಗಿದೆ. ಗಂಟುಗಳನ್ನು ಕೈಯಿಂದಲೇ ಬಿಡಿಸಿ ಹಿಂಜುವ ಯಂತ್ರದ ಬಾಯಿಗೆ ಕೊಡಬೇಕು. ಗಾಳಿ ಎದ್ದರೆ ಹತ್ತಿಯ ಧೂಳು ಬೀದಿಯೆಲ್ಲ ಹಾರುತ್ತದೆ. ಹಾಗಾಗಿ ಈ ಕೆಲಸವನ್ನು ಅವರು ಬಿಸಿಲೇರುವ ಮುಂಚೆಯೇ ಮುಗಿಸುತ್ತಾರೆ.

ಹಾಸಿಗೆ ತಂದಿರುವವರು ಪಿರಿಯಾಪಟ್ಟಣದ ಕಡೆಯ ರೈತ ಷಣ್ಮುಖಪ್ಪ. ಹೊಗೆಸೊಪ್ಪು ಮುರಿಯಲು ಬಗ್ಗಿ ಬಗ್ಗಿ ಅವರ ಸೊಂಟ ಹಿಡಿದುಕೊಂಡಿದೆ.

“ಗಟ್ಟಿಗೆ ತುಂಬಿ ಕಣಮ್ಮ, ಕಲ್ಲಿನಂಗಿರ್ಬೇಕು. ಬೆನ್ನುನೋವಿಗೆ ಅದೇ ಒಳ್ಳೇದಂತೆ,” ಎನ್ನುತ್ತಾರೆ ಅವರು.

ಭಾಗ್ಯಮ್ಮನ ಕೈ ನಿಲ್ಲುತ್ತದೆ. “ನೀವು ಮಲಗೋದು ಅಂಗಾತನೋ, ಮಗ್ಗುಲಾಗೋ?”

“ಮಗ್ಗುಲಾಗಿ. ಅದ್ಯಾಕೆ?”

“ಅಂಗಾದ್ರೆ ಕಲ್ಲಿನಂಗೆ ಬ್ಯಾಡ. ತೋಳು, ಸೊಂಟ ಒಸಿ ಇಳೀಬೇಕು, ನಡುಬೆನ್ನು ಮಾತ್ರ ಕುಸೀಬಾರ್ದು. ಅಷ್ಟು ನೋಡಿ ತುಂಬ್ಕೊಡ್ತೀನಿ. ನೋವು ಕಾಲಿಗಿಳಿದು ಜೋಮು ಹಿಡಿದ್ರೆ ಹಾಸಿಗೆ ನಂಬ್ಕೊಂಡು ಕೂರ್ಬೇಡಿ, ಡಾಕ್ಟ್ರತ್ರ ಹೋಗಿ.”

ಹೇಗೆ ಮಲಗುತ್ತೀರಿ ಎಂಬ ಮಾತನ್ನು ಅವರು ಮೊದಲೆಲ್ಲ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಬೇಕೆಂದು ಗೊತ್ತೂ ಇರಲಿಲ್ಲ. ಗೊತ್ತಾಗುವ ಹೊತ್ತಿಗೆ ಅವರ ಮನೆಯಲ್ಲೇ ಆಗಬಾರದ್ದು ಆಗಿಹೋಗಿತ್ತು.

ಹೆಗ್ಗಡದೇವನಕೋಟೆ ಕಡೆಯ ಹಳ್ಳಿಯ ಹುಡುಗಿ ಭಾಗ್ಯಮ್ಮ, ಸ್ವಾಮಿಯವರನ್ನು ಮದುವೆಯಾಗಿ ಹುಣಸೂರಿಗೆ ಬಂದವರು. ಹಾಸಿಗೆ ಅಂಗಡಿಯೊಂದಕ್ಕೆ ದಿನಗೂಲಿಗೆ ಹೋಗಿ ಮೊದಲು ಗವಸು ಹೊಲಿದರು. ಆಮೇಲೆ ಹತ್ತಿ ತುಂಬುವುದು, ಕೋಲಿನಿಂದ ಬಡಿದು ಹದ ಮಾಡುವುದು, ದಬ್ಬಳ ಹಿಡಿದು ಹುರಿಯ ಹೊಲಿಗೆ ಹಾಕುವುದು, ಎಲ್ಲ ಕಲಿತರು. ಮಾಲೀಕರು ವಯಸ್ಸಾಗಿ ಅಂಗಡಿ ಮುಚ್ಚಿದಾಗ ಯಂತ್ರ ಇವರ ಶೆಡ್ಡಿಗೆ ಬಂತು. ಮದುವೆ ಕಾಲದಲ್ಲಿ ದಿನಕ್ಕೆರಡು ಹಾಸಿಗೆ ಏಳುತ್ತಿದ್ದ ಶೆಡ್ಡಿನಲ್ಲಿ ಈಗ, ಫೋಮ್ ಹಾಸಿಗೆ ಬಂದ ಮೇಲೆ, ಎರಡು ದಿನಕ್ಕೊಂದು ಎದ್ದರೆ ಹೆಚ್ಚು. ದಬ್ಬಳ ಒತ್ತಿ ಒತ್ತಿ ಅವರ ಬಲಗೈ ಹೆಬ್ಬೆರಳು ಕಲ್ಲಾಗಿದೆ.

ಸ್ವಾಮಿ ಗೂಡ್ಸ್ ಆಟೊ ಓಡಿಸುತ್ತಿದ್ದರು. ಶುಂಠಿ, ತರಕಾರಿ, ಸಿಮೆಂಟು, ಯಾವ ಮೂಟೆಯಾದರೂ ತಾವೇ ಹೊತ್ತು ಹೇರುತ್ತಿದ್ದರು. ಬೆನ್ನು ಹಿಡಿದುಕೊಂಡಾಗ ಕಂಡಕಂಡವರೆಲ್ಲ ಹೇಳಿದ್ದು ಒಂದೇ ಮಾತು: ಗಟ್ಟಿ ಹಾಸಿಗೆಯ ಮೇಲೆ ಮಲಗು. ಹೆಂಡತಿಯೇ ಹಾಸಿಗೆ ಹೊಲಿಯುವವಳು. ಇನ್ನೇನು ಬೇಕು?

“ಒಳ್ಳೇ ಹತ್ತಿ ಆರಿಸಿ ತಂದೆ. ತುಳಿದೂ ತುಳಿದೂ ತುಂಬ್ದೆ. ಬೆರಳು ಒತ್ತಿದ್ರೂ ಇಳೀತಿರ್ಲಿಲ್ಲ. ಅಂಥಾ ಹಾಸಿಗೆ ನಾನು ಯಾರಿಗೂ ಮಾಡಿರ್ಲಿಲ್ಲ,” ಎನ್ನುತ್ತಾರೆ ಭಾಗ್ಯಮ್ಮ.

ಆ ಹಾಸಿಗೆಯ ಮೇಲೆ ಸ್ವಾಮಿಗೆ ನಿದ್ದೆ ಹತ್ತಲಿಲ್ಲ. ಅವರೂ ಮಗ್ಗುಲಾಗಿ ಮಲಗುವವರು. ತೋಳು ಮರಗಟ್ಟುತ್ತಿತ್ತು, ಸೊಂಟದ ಮೂಳೆ ಒತ್ತುತ್ತಿತ್ತು. ಹೊರಳಿ ಹೊರಳಿ ಬೆಳಗು ಮಾಡುತ್ತಿದ್ದರೇ ಹೊರತು ಬಾಯಿ ಬಿಡಲಿಲ್ಲ. ಕೆಲವು ತಿಂಗಳ ನಂತರ, ಒಳಗೆ ಸೆಕೆ ಎಂದು ನೆಪ ಹೇಳಿ ಆಟೊದ ಸೀಟಿನ ಮೇಲೆ ಮುದುರಿಕೊಳ್ಳತೊಡಗಿದರು. ಹಗಲೆಲ್ಲ ಸಿಡಿಸಿಡಿ. ತನ್ನ ಮೇಲೆ ಗಂಡನ ಮನಸ್ಸು ಮುರಿದಿದೆ ಎಂದುಕೊಂಡ ಭಾಗ್ಯಮ್ಮ ತಾವೂ ಮಾತು ಕಡಿಮೆ ಮಾಡಿದರು. ಹೀಗೇ ಮೂರು ವರ್ಷ ಕಳೆಯಿತು.

ಒಂದು ಮಟಮಟ ಮಧ್ಯಾಹ್ನ, ಹೆಗ್ಗಡದೇವನಕೋಟೆ ರಸ್ತೆಯಲ್ಲಿ ಶುಂಠಿ ಮೂಟೆ ಹೇರಿಕೊಂಡು ಬರುತ್ತಿದ್ದ ಆಟೊ ನೆಟ್ಟಗೆ ಹಳ್ಳಕ್ಕೆ ಇಳಿದು ಮಗುಚಿತು. ಎದುರಿಗೆ ಇನ್ನೊಂದು ಗಾಡಿ ಇರಲಿಲ್ಲ, ದನಕರು ಅಡ್ಡ ಬಂದಿರಲಿಲ್ಲ. ಕುಡಿದಿದ್ದ ಎಂದು ಜನ ತೀರ್ಮಾನ ಮಾಡಿಬಿಟ್ಟರು. ಭುಜ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಸ್ವಾಮಿ, ತೂಕಡಿಕೆ ಬಂತು ಎಂದಷ್ಟೇ ಹೇಳಿದರು.

ಯಾರೂ ನಂಬಲಿಲ್ಲ. ಭಾಗ್ಯಮ್ಮನೂ ನಂಬಲಿಲ್ಲ. ವಾರ್ಡಿನ ತುಂಬ ನೆಂಟರು, ನೆರೆಯವರು, ಶುಂಠಿಯ ಮಾಲೀಕರು ನೆರೆದಿರುವಾಗ, “ಕುಡ್ಕೊಂಡು ಓಡಿಸಿದ್ರೆ ಇನ್ನೇನಾಯ್ತದೆ?” ಎಂದು ಗಟ್ಟಿಯಾಗಿ ಕೂಗಿದರು. ಸ್ವಾಮಿ ಗೋಡೆ ಕಡೆಗೆ ಮುಖ ತಿರುಗಿಸಿಕೊಂಡರು.

ಕಟ್ಟಿಕೊಂಡ ಹೆಂಡತಿಯೇ ಹೇಳಿದ ಮೇಲೆ ಜನಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು? ಯಾರೂ ಅವರನ್ನು ನಂಬಿ ಬಾಡಿಗೆ ಕೊಡಲಿಲ್ಲ. ಆಟೊ ಮಾರಿದರು. ಭುಜ ಕೂಡಿಕೊಂಡಿತಾದರೂ ಕೈ ಪೂರ್ತಿ ಮೇಲೇಳಲಿಲ್ಲ.

ನಿಜ ಗೊತ್ತಾಗಿದ್ದು ಅದರ ಮರುವರ್ಷ, ಬೀಚನಹಳ್ಳಿಯಲ್ಲಿ. ಮಗಳು ಬೃಂದಾಳ ಮಗುವಿನ ನಾಮಕರಣಕ್ಕೆ ಇಬ್ಬರೂ ಅವಳ ಗಂಡನ ಮನೆಗೆ ಹೋಗಿದ್ದರು. ಹಿಂದಿನ ದಿನವೇ ಮನೆ ತುಂಬ ನೆಂಟರು. ನಡುಮನೆಯಲ್ಲಿ ಚಾಪೆ ಹಾಸಿ, ಮೇಲೆ ಒಂದು ಸವೆದ ಹಾಸಿಗೆ, ಅದರ ಮೇಲೆ ಹಳೇ ಸೀರೆಗಳ ಕೌದಿ ಮಡಿಸಿ ಹಾಕಿದ್ದರು. ಬೆಳಿಗ್ಗೆ ಭಾಗ್ಯಮ್ಮ ಎದ್ದಾಗ ಸ್ವಾಮಿ ಇನ್ನೂ ಮಲಗಿದ್ದರು. ನೀರು ಕಾಯಿತು, ರಂಗೋಲಿ ಬಿತ್ತು, ಮಕ್ಕಳು ತಲೆಯ ಪಕ್ಕದಲ್ಲೇ ಓಡಾಡಿದವು. ಆದರೂ ಅವರು ಏಳಲಿಲ್ಲ.

“ನಂಗೆ ಭಯ ಆಗ್ಬುಡ್ತು. ಉಸಿರಾಡ್ತಾವ್ರಾ ಅಂತ ಬಗ್ಗಿ ನೋಡ್ದೆ,” ಎಂದು ನೆನೆಯುತ್ತಾರೆ ಭಾಗ್ಯಮ್ಮ.

ಕೊನೆಗೆ ಎಬ್ಬಿಸಿದಾಗ ಸ್ವಾಮಿ ಕಣ್ಣುಜ್ಜಿಕೊಂಡು ನಕ್ಕರಂತೆ. “ಎಷ್ಟ್ ವರ್ಸಾಗಿತ್ತು ಕಣೆ ಇಂಗೆ ನಿದ್ದೆ ಮಾಡಿ. ಇಲ್ಲಿ ಮೈ ಹಾಸಿಗೇಲಿ ಊರ್ತದೆ.”

“ನಮ್ಮನೇಲಿ ಊರಲ್ವಾ?”

ಸ್ವಾಮಿ ಎದ್ದು ಕೌದಿ ಮಡಿಸತೊಡಗಿದರು. ಭಾಗ್ಯಮ್ಮ ಬಿಡಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೂರಿಸಿಕೊಂಡು ಕೇಳಿದರು. ಆಗ ಒಂದೊಂದಾಗಿ ಹೊರಬಂತು: ತೋಳಿನ ನೋವು, ನಿದ್ದೆಯಿಲ್ಲದ ರಾತ್ರಿಗಳು, ಆಟೊದ ಸೀಟು, ಸ್ಟೇರಿಂಗ್ ಹಿಡಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದ ರೆಪ್ಪೆ.

“ಒಂದು ಮಾತು ಯೋಳಿದ್ರೆ ಬಿಚ್ಚಿ ಹೊಲೀತಿರ್ಲಿಲ್ವಾ ನಾನು?”

“ನೀನು ಅಷ್ಟ್ ಆಸೆಯಿಂದ ಮಾಡಿದ್ದೆ. ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಯೋಳ್ಲಿ?”

ನಾಮಕರಣ ಮುಗಿಸಿಕೊಂಡು ಭಾಗ್ಯಮ್ಮ ಮನೆಗೆ ಬಂದವರೇ ಆ ಹಾಸಿಗೆ ಬಿಚ್ಚಿದರು. ಹತ್ತಿಯಲ್ಲಿ ಕಾಲುಭಾಗ ತೆಗೆದು, ಉಳಿದದ್ದನ್ನು ಹಿಂಜಿ, ತೆಳುವಾಗಿ ತುಂಬಿದರು. ಸ್ವಾಮಿಯನ್ನು ಮಲಗಿಸಿ ನೋಡಿದರು. ಭುಜದ ಹತ್ತಿರ ಇನ್ನೂ ಒತ್ತುತ್ತದೆ ಎಂದಾಗ ಮತ್ತೆ ಬಿಚ್ಚಿದರು. ಈಗ ಸ್ವಾಮಿಗೆ ನಿದ್ದೆ ಬರುತ್ತದೆ. ಬೆನ್ನುನೋವು ಪೂರ್ತಿ ಹೋಗಿಲ್ಲ, ಆದರೆ ಬೆಳಿಗ್ಗೆ ಗೋಡೆ ಹಿಡಿಯದೆ ಏಳುತ್ತಾರೆ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಹೋದ ವರ್ಷಗಳ ಮಾತು ಬಂದರೆ ಮಾತ್ರ ಭಾಗ್ಯಮ್ಮ ಎದ್ದು ಯಂತ್ರದ ಬಳಿಗೆ ಹೋಗಿಬಿಡುತ್ತಾರೆ.

ಗಂಡ ಕುಡಿದಿರಲಿಲ್ಲ ಎಂದು ಹೇಳಲು ಅವರು ಕೆಲವರ ಮನೆಗೂ ಹೋಗಿದ್ದುಂಟು. ಒಬ್ಬರು ಕಾಫಿ ಕೊಟ್ಟು, ಹಳೇದೆಲ್ಲ ಯಾಕಮ್ಮ ಈಗ, ಬುಡು ಎಂದರು. ಇನ್ನೊಬ್ಬರಿಗೆ ಘಟನೆಯೇ ನೆನಪಿರಲಿಲ್ಲ. ಆದರೆ ಗಾಡಿ ಸ್ಟ್ಯಾಂಡಿನಲ್ಲಿ ಈಗಲೂ ಸ್ವಾಮಿಯನ್ನು ಕಂಡರೆ ಕೈಯಲ್ಲಿ ಲೋಟ ಎತ್ತುವಂತೆ ಸನ್ನೆ ಮಾಡಿ ನಗುವವರಿದ್ದಾರೆ. ಹಾಗಾಗಿ ಸ್ವಾಮಿ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದಾರೆ.

ಬಿಸಿಲು ಶೆಡ್ಡಿನೊಳಗೆ ಬಂದಿದೆ. ಸ್ವಾಮಿ ಎಡಗೈಯಲ್ಲಿ ಗವಸಿನ ಒಂದು ತುದಿ ಎತ್ತಿ ಹಿಡಿದಿದ್ದಾರೆ. ಭಾಗ್ಯಮ್ಮ ಹತ್ತಿ ತುಂಬುತ್ತಾ ನಡುನಡುವೆ ಅಂಗೈ ಒತ್ತಿ ನೋಡುತ್ತಾರೆ. ಹೊಲಿಗೆ ಮುಗಿದ ಮೇಲೆ ಷಣ್ಮುಖಪ್ಪನವರನ್ನು ಅಲ್ಲೇ ಮಲಗಿಸುತ್ತಾರೆ. “ನೋವಾದ್ರೆ ನಮ್ ಮುಖ ನೋಡ್ಕೊಂಡು ಸುಮ್ನಿರ್ಬೇಡಿ ಕಣ್ರೀ, ವಾಪಸ್ ತನ್ನಿ,” ಎಂದು ಎರಡೆರಡು ಸಲ ಹೇಳಿ ಕಳಿಸುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ದಬ್ಬಳವನ್ನು ಸೀರೆಯಂಚಿಗೆ ಒರೆಸುತ್ತಾರೆ.

“ಆವತ್ತು ಆಸ್ಪತ್ರೇಲಿದ್ದ ಜನನೆಲ್ಲ ಮತ್ತೆ ಒಂದ್ಕಡೆ ಸೇರ್ಸೋಕೆ ನನ್ ಕೈಲಾಗಲ್ಲ. ನೀವು ಪೇಪರ್‌ನಲ್ಲಿ ಬರೀತೀರಲ್ಲ, ನಮ್ಮೆಜಮಾನ್ರು ಕುಡ್ದಿರ್ಲಿಲ್ಲ ಅಂತ ಬರೀರಿ. ನನ್ನ ವಿಚಾರ ಬರೀದಿದ್ರೂ ನಡೀತದೆ.”